ಬೆಂಗಳೂರಲ್ಲಿ ಗೆದ್ದ ಡಿಫೆಂಡರ್, ಇಂಡಿಯಾನ ಸೋಲಿಸಿದ ಕೋಚ್

ಭಾಗ 1

2025ರ ಜೂನ್ 10, ಮಂಗಳವಾರ. ಸಂಜೆ ಐದೂವರೆಗೆ ಇಂಡಿಯಾ–ಹಾಂಗ್‌ಕಾಂಗ್ ಮ್ಯಾಚ್. ನಾನು ಬ್ಲಫ್‌ನಲ್ಲಿ ಮನೆ ಜಗಲಿ ಮೇಲೆ ಕೂತು ಮೊಬೈಲ್‌ನಲ್ಲಿ ನೋಡ್ತಿದ್ದೆ. ತೊಂಬತ್ತು ನಿಮಿಷ ಆದ್ರೂ ಸೊನ್ನೆ–ಸೊನ್ನೆ. ಸರಿ, ಒಂದು ಪಾಯಿಂಟ್ ಆದ್ರೂ ಬಂತಲ್ಲ ಅನ್ಕೊಳ್ಳೋ ಹೊತ್ತಿಗೆ ನಮ್ಮ ಗೋಲಿ ವಿಶಾಲ್ ಕೈತ್ ಚೆಂಡು ಗುದ್ದೋಕೆ ಮುಂದೆ ಬಂದು ಎದುರಾಳಿಗೆ ಗುದ್ದಿಬಿಟ್ಟ. ಪೆನಾಲ್ಟಿ. ಸ್ಟೆಫಾನ್ ಪೆರೇರಾ ಹೊಡೆದ. 1–0. ಮ್ಯಾಚ್ ಮುಗೀತು.

ಕ್ಯಾಮೆರಾ ಹಾಂಗ್‌ಕಾಂಗ್ ಕೋಚ್ ಕಡೆ ತಿರುಗಿದಾಗ ನನಗೆ ಹೊಟ್ಟೆಯೊಳಗೆ ಏನೋ ಆಯ್ತು. ಈ ಮುಖ ನಾನು ನೋಡಿದ್ದೀನಿ, ಟೀವಿಯಲ್ಲಲ್ಲ, ಕಣ್ಣಾರೆ.

ಅವತ್ತು ರಾತ್ರಿ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಒಬ್ಬ ಹಾಕಿದ: "ನಮ್ಮ ಉಪ್ಪು ತಿಂದವ್ನು ನಮಗೇ ಎರಡು ಬಗೆದ." ನಾನು ಆ ರಾತ್ರಿ ಉತ್ತರ ಕೊಡಲಿಲ್ಲ, ಕೊಡೋಕೆ ಆಗ್ಲಿಲ್ಲ. ಈಗ ಕೊಡ್ತಾ ಇದ್ದೀನಿ. ಉದ್ದ ಆಗುತ್ತೆ, ಸ್ವಲ್ಪ ತಾಳ್ಮೆಯಿಂದ ಓದಿ. ಕ್ಯಾಪ್ಶನ್ನಿಗೆ ಜಾಗ ಸಾಲದೆ ಭಾಗ ಭಾಗ ಮಾಡಿದ್ದೀನಿ.

ಆ ಕೋಚ್ ಹೆಸರು ಆಶ್ಲಿ ವೆಸ್ಟ್‌ವುಡ್.

ಭಾಗ 2

ಮೊದಲು ಒಂದು ಎಚ್ಚರಿಕೆ. ಗೂಗಲ್‌ನಲ್ಲಿ ಆ ಹೆಸರು ಹಾಕಿದ್ರೆ ಇಬ್ಬರು ಬರ್ತಾರೆ. ಒಬ್ಬ ಬರ್ನ್ಲಿಯಲ್ಲಿ ಆಡಿದ ಮಿಡ್‌ಫೀಲ್ಡರ್, 1990ರಲ್ಲಿ ಹುಟ್ಟಿದವನು. ಅವನಲ್ಲ. ತಮಾಷೆ ಏನಂದ್ರೆ ಇಬ್ಬರೂ ಕ್ರೂ ಅಲೆಕ್ಸಾಂಡ್ರಾ ಅನ್ನೋ ಒಂದೇ ಕ್ಲಬ್ಬಲ್ಲಿ ಆಡಿದವರು. ನಮ್ಮವರು ಹುಟ್ಟಿದ್ದು 1976ರ ಆಗಸ್ಟ್ 31ರಂದು, ಇಂಗ್ಲೆಂಡಿನ ಬ್ರಿಜ್‌ನಾರ್ತ್ ಅನ್ನೋ ಊರಲ್ಲಿ.

ಹುಡುಗ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ. ಯಾವ ಕಾಲ ಅಂತ ಯೋಚನೆ ಮಾಡಿ. ಬೆಕ್‌ಹ್ಯಾಮ್, ಸ್ಕೋಲ್ಸ್, ಗ್ಯಾರಿ ನೆವಿಲ್ ಎಲ್ಲ ಆಗಷ್ಟೇ ಯೂತ್ ಟೀಮಿಂದ ಮೇಲೆ ಹೋಗಿದ್ದ ಕಾಲ. ಅವರ ಹಿಂದಿನ ಬ್ಯಾಚು ಇವರದು. 1995ರಲ್ಲಿ ಯುನೈಟೆಡ್ ಹುಡುಗರು ಎಫ್‌ಎ ಯೂತ್ ಕಪ್ ಗೆದ್ದಾಗ ವೆಸ್ಟ್‌ವುಡ್ ಆ ಟೀಮಿನ ಡಿಫೆಂಡರ್. ಜೊತೆಗೆ ಫಿಲ್ ನೆವಿಲ್ ಕೂಡ ಇದ್ದ. ಫಿಲ್ ನೆವಿಲ್ ಮೇಲೆ ಹೋದ. ವೆಸ್ಟ್‌ವುಡ್‌ಗೆ ಸೀನಿಯರ್ ಟೀಮಲ್ಲಿ ಒಂದೇ ಒಂದು ಮ್ಯಾಚೂ ಸಿಗಲಿಲ್ಲ.

ನಮ್ಮಲ್ಲಿ ಯಾರಾದ್ರೂ ಜಿಲ್ಲಾ ಟೀಮಿಗೆ ಸೆಲೆಕ್ಟ್ ಆಗಿ ಬೆಂಚಲ್ಲೇ ಕೂತು ಬಂದಿದ್ದೀರಾ? ನನಗೆ ಗೊತ್ತು ಆ ಬಸ್ಸಲ್ಲಿ ವಾಪಸ್ ಬರೋದು ಹೇಗಿರುತ್ತೆ ಅಂತ.

ಆಮೇಲೆ ಅವರ ಆಟದ ಬದುಕು ಒಂದು ಬಸ್ ರೂಟ್ ಥರ. ಕ್ರೂ, ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆನ್ಸ್‌ಡೇ, ನಾರ್ಥ್‌ಹ್ಯಾಂಪ್ಟನ್, ಚೆಸ್ಟರ್, ಪೋರ್ಟ್ ವೇಲ್, ಸ್ಟೀವನೇಜ್, ರೆಕ್ಸ್‌ಹ್ಯಾಮ್, ಕೆಟರಿಂಗ್. ಬ್ರಾಡ್‌ಫರ್ಡ್ ಜೊತೆ 1999ರಲ್ಲಿ ಪ್ರೀಮಿಯರ್ ಲೀಗಿಗೆ ಏರಿದರು. ಅಲ್ಲಿ ಆಡಿದ್ದು ಬೆರಳಲ್ಲಿ ಎಣಿಸೋಷ್ಟು ಪಂದ್ಯ. ಅಲ್ಲಿಂದ ಮುಂದೆ ಒಂದೊಂದೇ ಮೆಟ್ಟಿಲು ಕೆಳಗೆ. ರೆಕ್ಸ್‌ಹ್ಯಾಮ್ ಈಗ ಹಾಲಿವುಡ್ ನಟರ ಕ್ಲಬ್ ಅಂತ ನಿಮಗೆ ಗೊತ್ತಿರಬಹುದು, ಇವರು ಆಡಿದಾಗ ಅದು ಐದನೇ ದರ್ಜೆ ಲೀಗಿನಲ್ಲಿತ್ತು. ಇಂಗ್ಲೆಂಡ್ ರಾಷ್ಟ್ರೀಯ ತಂಡದ ಜೆರ್ಸಿ ಅವರಿಗೆ ಯಾವತ್ತೂ ಸಿಗಲಿಲ್ಲ.

ಆಟ ನಿಲ್ಲಿಸಿ ಕೋಚಿಂಗ್‌ಗೆ ಬಂದರೆ ಅಲ್ಲೂ ಅದೇ ಕಥೆ. ಬ್ಲ್ಯಾಕ್‌ಬರ್ನ್ ರೋವರ್ಸ್‌ನಲ್ಲಿ ಮೈಕಲ್ ಆಪಲ್ಟನ್ ಅನ್ನೋ ಮ್ಯಾನೇಜರ್ ಕೈಕೆಳಗೆ ಕೆಲಸ. 2013ರ ಮಾರ್ಚಲ್ಲಿ ಆಪಲ್ಟನ್‌ರನ್ನ 67 ದಿನಕ್ಕೇ ಮನೆಗೆ ಕಳಿಸಿದರು. ಮ್ಯಾನೇಜರ್ ಹೋದ್ರೆ ಅವರ ಜೊತೆಗೆ ಬಂದವರ ಗತಿ ಏನು ಅಂತ ಬಿಡಿಸಿ ಹೇಳ್ಬೇಕಾ?

ಭಾಗ 3

ಈಗ ಕಥೆ ನಮ್ಮ ಕಡೆ ಬರುತ್ತೆ.

2013ರಲ್ಲಿ ಬೆಂಗಳೂರಿನ ಫುಟ್‌ಬಾಲ್ ಸ್ಥಿತಿ ಹೇಗಿತ್ತು ಅಂತ ಗೊತ್ತಾಗಬೇಕಾದ್ರೆ ಹಿಂದಕ್ಕೆ ಹೋಗ್ಬೇಕು. ನಮ್ಮ ರಾಜ್ಯ ಮೈಸೂರು ಅಂತ ಇದ್ದಾಗ ಸಂತೋಷ್ ಟ್ರೋಫಿಯನ್ನ ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968–69ರಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಇಂಡಿಯಾ ಪರ ಗೋಲ್ ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ಟೀಮಿನವರು. ಬರಿಗಾಲಲ್ಲಿ ಚೆಂಡು ಕುಣಿಸಿದ ಅಹ್ಮದ್ ಖಾನ್ ಬೆಂಗಳೂರಿನವರು. ಆಮೇಲೆ ಎಚ್‌ಎಎಲ್, ಐಟಿಐ ಥರ ಕಾರ್ಖಾನೆ ಟೀಮುಗಳು ಎಷ್ಟೋ ವರ್ಷ ಆಟವನ್ನ ಉಳಿಸಿಕೊಂಡು ಬಂದವು. 2012ರಲ್ಲಿ ಎಚ್‌ಎಎಲ್ ಕೂಡ ಐ–ಲೀಗಿಂದ ಕೆಳಗೆ ಬಿತ್ತು. ಅಷ್ಟು ದೊಡ್ಡ ಊರಿಗೆ ದೇಶದ ಮೊದಲ ದರ್ಜೆ ಲೀಗಲ್ಲಿ ಟೀಮೇ ಇಲ್ಲ.

ಆ ಖಾಲಿ ಜಾಗಕ್ಕೆ ಜೆಎಸ್‌ಡಬ್ಲ್ಯೂ ಕಂಪನಿ 2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ತಂದಿತು. ಕ್ಯಾಪ್ಟನ್ ಸುನಿಲ್ ಛೆಟ್ರಿ. ಕೋಚ್ ಯಾರು? ಯಾರಿಗೂ ಗೊತ್ತಿಲ್ಲದ, 36 ವರ್ಷದ, ಯಾವ ಟೀಮನ್ನೂ ಮುಖ್ಯ ಕೋಚ್ ಆಗಿ ನಡೆಸದ ಒಬ್ಬ ಮಾಜಿ ಡಿಫೆಂಡರ್.

ಇಲ್ಲೊಂದು ವಿಷಯ ಗಮನಿಸಿ. ನಮ್ಮಲ್ಲಿ ವಿದೇಶಿ ಆಟಗಾರ ಅಂದ್ರೆ ಗೋಲ್ ಹೊಡೆಯೋನು ಅನ್ನೋ ನಂಬಿಕೆ ಇತ್ತು, ಈಗಲೂ ಇದೆ. ವೆಸ್ಟ್‌ವುಡ್ ಬಳಿ ನಾಲ್ಕು ವಿದೇಶಿಯರಿದ್ದರು. ಅದರಲ್ಲಿ ಇಬ್ಬರು ಡಿಫೆಂಡರ್‌ಗಳು: ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಅರ್ಧ ಕೋಟಾ ಹಿಂದಕ್ಕೆ! ಗೋಲ್ ಹೊಡೆಯೋಕೆ ಛೆಟ್ರಿ ಇದ್ದಾನೆ, ಹಿಂದೆ ಗೋಡೆ ಇರಲಿ ಅನ್ನೋ ಲೆಕ್ಕ. ನಾನು ನಮ್ಮ ಟೀಮಲ್ಲಿ ಸ್ಟಾಪರ್, ಹಾಗಾಗಿ ಈ ಲೆಕ್ಕ ಓದಿದಾಗ ಸ್ವಲ್ಪ ಖುಷಿ ಆಯ್ತು, ಒಪ್ಕೋತೀನಿ.

ಮೊದಲ ಲೀಗ್ ಮ್ಯಾಚ್ 2013ರ ಸೆಪ್ಟೆಂಬರ್ 22ರಂದು, ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಮೋಹನ್ ಬಗಾನ್ ಎದುರು, 1–1. ನೂರು ವರ್ಷ ದಾಟಿದ ಕ್ಲಬ್ ಎದುರು ಎರಡು ತಿಂಗಳ ಕೂಸು. ಏಳು ತಿಂಗಳಾದ ಮೇಲೆ, 2014ರ ಏಪ್ರಿಲ್ 21ರಂದು ಗೋವಾದ ಮಡಗಾಂವ್‌ಗೆ ಹೋಗಿ ಡೆಂಪೊನ 4–2ರಲ್ಲಿ ಸೋಲಿಸಿ ಆ ಕೂಸು ಚಾಂಪಿಯನ್ ಆಯ್ತು. 24 ಪಂದ್ಯ, 47 ಅಂಕ. ಮೊದಲ ಸೀಸನ್ನಲ್ಲೇ.

ಎಲ್ಲ ವೆಸ್ಟ್‌ವುಡ್ ಮಹಿಮೆ ಅಂತ ಹೇಳಿದ್ರೆ ಅದು ಸುಳ್ಳು. ದುಡ್ಡಿತ್ತು, ಸಂಬಳ ಸರಿಯಾದ ದಿನಕ್ಕೆ ಬರ್ತಿತ್ತು, ಛೆಟ್ರಿ ಇದ್ದ. ಆದ್ರೆ ದುಡ್ಡು ಸುರಿದು ಮುಳುಗಿದ ಕ್ಲಬ್ಬುಗಳೂ ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಬಿಕಾಂ ಓದೋರಿಗೆ ಗೊತ್ತು, ಬಂಡವಾಳ ಬೇರೆ, ಲಾಭ ಬೇರೆ.

ಭಾಗ 4

ಈ ಭಾಗ ನನ್ನದು.

2015ರ ಮೇ 31, ಭಾನುವಾರ. ನನಗೆ ಹತ್ತು ವರ್ಷ. ಬೇಸಿಗೆ ರಜಕ್ಕೆ ಬೆಂಗಳೂರಲ್ಲಿದ್ದ ಸೋದರಮಾವನ ಮನೆಗೆ ಹೋಗಿದ್ದೆ. ಮಾವ "ಬಾರೋ, ನಾಳೆ ಹೆಂಗೂ ಊರಿಗೆ ಹೋಯ್ತೀಯ, ಇವತ್ತು ಒಂದು ಮ್ಯಾಚ್ ನೋಡ್ಕೊಂಡು ಹೋಗು" ಅಂತ ಕಂಠೀರವ ಸ್ಟೇಡಿಯಂಗೆ ಕರ್ಕೊಂಡು ಹೋದ್ರು. ಅಲ್ಲಿವರೆಗೆ ನಾನು ನೋಡಿದ್ದ ಆಟ ಅಂದ್ರೆ ಕಬಡ್ಡಿ, ಮತ್ತೆ ಕಾಲೋನಿ ಮೈದಾನದ ಟೆನ್ನಿಸ್ ಬಾಲ್ ಕ್ರಿಕೆಟ್.

ಲೀಗಿನ ಕೊನೇ ಪಂದ್ಯ. ಎದುರಿಗೆ ಮತ್ತೆ ಮೋಹನ್ ಬಗಾನ್. ಲೆಕ್ಕ ಕೇಳಿ: ಬಗಾನ್ 38 ಅಂಕ, ಬೆಂಗಳೂರು 36. ಬೆಂಗಳೂರು ಗೆದ್ದರೆ 39, ಕಪ್ಪು ನಮ್ಮದು. ಡ್ರಾ ಆದ್ರೂ ಸಾಕು, ಕಪ್ಪು ಅವರದು. ಮಳೆ ಅಂದ್ರೆ ಮಳೆ. ಮೈದಾನ ನಮ್ಮ ಗದ್ದೆ ಥರ ಆಗಿತ್ತು. ಪಶ್ಚಿಮದ ಸ್ಟ್ಯಾಂಡಲ್ಲಿ ನೀಲಿ ಹುಡುಗರು ನೆನೆದುಕೊಂಡೇ ಹಾಡ್ತಿದ್ರು. ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಅವರ ಹೆಸರು, ಆಮೇಲೆ ಗೊತ್ತಾಯ್ತು.

41ನೇ ನಿಮಿಷ, ಜಾನ್ಸನ್ ಗೋಲ್. ಹೇಳಿದ್ನಲ್ಲ, ಡಿಫೆಂಡರ್. ಸ್ಟೇಡಿಯಂ ಎದ್ದು ನಿಂತಿತು. ಮಾವ ನನ್ನನ್ನ ಹೆಗಲ ಮೇಲೆ ಎತ್ಕೊಂಡ್ರು. ಅಲ್ಲಿಂದ ಕಾಣ್ತಿತ್ತು: ಗೆರೆ ಹತ್ರ ಒಬ್ಬ ಬಿಳಿಯ ಮನುಷ್ಯ, ನೆನೆದು ತೊಪ್ಪೆ, ಯಾರೂ ಗೋಲ್ ಖುಷಿ ಮಾಡಬೇಡಿ ಅನ್ನೋ ಥರ ಎರಡೂ ಕೈ ಬೀಸಿ ಎಲ್ಲರನ್ನೂ ಹಿಂದಕ್ಕೆ ಕಳಿಸ್ತಿದ್ದ. "ಯಾರು ಮಾವ ಅದು?" ಅಂದೆ. "ಕೋಚು ಕಣೋ. ಮೇಷ್ಟ್ರು ಇದ್ದಂಗೆ."

87ನೇ ನಿಮಿಷ. ಬಗಾನ್‌ಗೆ ಕಾರ್ನರ್. ಅವರ ಡಿಫೆಂಡರ್, ನೈಜೀರಿಯಾದ ಬೆಲ್ಲೊ ರಝಾಕ್ ತಲೆ ಕೊಟ್ಟ. 1–1.

ಮೂರು ನಿಮಿಷ ಉಳಿದಿತ್ತು ಅಷ್ಟೇ. ಬಗಾನ್ 13 ವರ್ಷದ ಮೇಲೆ ಚಾಂಪಿಯನ್. ಕಲ್ಕತ್ತದಿಂದ ಬಂದೋರು ಅಳ್ತಿದ್ರು, ಬೆಂಗಳೂರಿನೋರೂ ಅಳ್ತಿದ್ರು, ಮಳೇಲಿ ಯಾರು ಯಾಕೆ ಅಳ್ತಿದಾರೆ ಅಂತ ಗೊತ್ತಾಗ್ತಿರಲಿಲ್ಲ. ಆ ಬಿಳಿಯ ಮನುಷ್ಯ ಅಲ್ಲೇ ನಿಂತಿದ್ದ. ಮಾರನೇ ದಿನ ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ ಅಂತ ಬಸ್ಸಲ್ಲಿ ಬರ್ತಾ ಪೂರ್ತಿ ದಾರಿ ನನ್ನ ತಲೇಲಿ ಓಡ್ತಿದ್ದಿದ್ದು ಒಂದೇ: ಆ ಕಾರ್ನರಲ್ಲಿ ಅವನನ್ನ ಯಾರು ಹಿಡ್ಕೋಬೇಕಿತ್ತು?

ನಾನು ಸ್ಟಾಪರ್ ಆಗಿದ್ದು ಅದಕ್ಕೇ.

ಭಾಗ 5

ಚಿಕ್ಕ ಭಾಗ, ಬೇಗ ಮುಗಿಸ್ತೀನಿ.

ಅದಕ್ಕೂ ಮುಂಚೆ 2015ರ ಜನವರಿಯಲ್ಲಿ ಫೆಡರೇಶನ್ ಕಪ್ ಬಂದಿತ್ತು. ಫೈನಲ್‌ನಲ್ಲಿ ಡೆಂಪೊ ಎದುರು 2–1. 2016ರ ಏಪ್ರಿಲ್ 17ರಂದು ಸಾಲ್ಗಾವ್‌ಕರ್‌ನ 2–0ರಲ್ಲಿ ಸೋಲಿಸಿ ಐ–ಲೀಗ್ ಮತ್ತೆ ಬೆಂಗಳೂರಿಗೆ. ಮೂರು ವರ್ಷ, ಎರಡು ಲೀಗ್, ಒಂದು ಕಪ್. ಒಂದು ಸಲ ಮೂರು ನಿಮಿಷದಲ್ಲಿ ತಪ್ಪಿದ್ದು.

ಬೆಂಗಳೂರಿನ ಕೋಚ್ ಆಗಿ ಅವರ ಕೊನೇ ಪಂದ್ಯ ಎಎಫ್‌ಸಿ ಕಪ್‌ನಲ್ಲಿ, 2016ರ ಮೇ ತಿಂಗಳಲ್ಲಿ. ಕಿಚೀ ಅನ್ನೋ ಕ್ಲಬ್ಬನ್ನ ಅವರದೇ ಊರಲ್ಲಿ 3–2ಕ್ಕೆ ಸೋಲಿಸಿದರು. ಆ ಊರು ಯಾವುದು ಗೊತ್ತಾ? ಹಾಂಗ್‌ಕಾಂಗ್. ಆ ಊರಲ್ಲಿ ಇಂಡಿಯಾದ ಒಂದು ಟೀಮನ್ನ ಗೆಲ್ಲಿಸಿ ಹೊರಟ ಮನುಷ್ಯ ಒಂಬತ್ತು ವರ್ಷ ಆದ್ಮೇಲೆ ಅದೇ ಊರಲ್ಲಿ ಇಂಡಿಯಾನೇ ಸೋಲಿಸಿದ.

ಮಧ್ಯದ ವರ್ಷಗಳು ಚೆನ್ನಾಗಿರಲಿಲ್ಲ. ಮಲೇಷ್ಯಾದ ಪೆನಾಂಗ್‌ನಲ್ಲಿ ಕೆಲವೇ ತಿಂಗಳು. 2018ರಲ್ಲಿ ಕಲ್ಕತ್ತದ ಎಟಿಕೆಯಲ್ಲಿ ಟೆಡ್ಡಿ ಶೆರಿಂಗ್‌ಹ್ಯಾಮ್ ಹೋದ ಮೇಲೆ ತಾತ್ಕಾಲಿಕ ಕೋಚ್, ಅಲ್ಲೂ ಸೋಲು ಮೇಲೆ ಸೋಲು. ಆಮೇಲೆ ಐ–ಲೀಗ್‌ನಲ್ಲಿ ರೌಂಡ್‌ಗ್ಲಾಸ್ ಪಂಜಾಬ್. ಬೆಂಗಳೂರಲ್ಲಿ ಸಿಕ್ಕಿದ ಹೆಸರು ನಿಧಾನಕ್ಕೆ ಕರಗ್ತಾ ಇತ್ತು.

ಭಾಗ 6

2023ರ ನವೆಂಬರ್. ಅಫ್ಘಾನಿಸ್ತಾನ ಕೋಚ್ ಹುಡುಕ್ತಿತ್ತು. ಯಾರು ಒಪ್ತಾರೆ ಹೇಳಿ? ವಿಶ್ವಕಪ್ ಅರ್ಹತಾ ಪಂದ್ಯಗಳನ್ನ ಸ್ವಂತ ನೆಲದಲ್ಲಿ ಆಡೋ ಹಾಗಿಲ್ಲ. ಆಟಗಾರರು ಯುರೋಪ್, ಆಸ್ಟ್ರೇಲಿಯಾ, ರಷ್ಯಾ ಅಂತ ಚದುರಿ ಹೋದ ನಿರಾಶ್ರಿತರ ಮಕ್ಕಳು. ಸಾಲದು ಅಂತ 18 ಆಟಗಾರರು ತಮ್ಮ ಫೆಡರೇಶನ್ ಭ್ರಷ್ಟ ಅಂತ ಆರೋಪ ಮಾಡಿ ಆಡಲ್ಲ ಅಂದುಬಿಟ್ಟಿದ್ದರು. ವೆಸ್ಟ್‌ವುಡ್ ಒಪ್ಪಿಕೊಂಡರು.

ಮೊದಲ ಪಂದ್ಯ ಕತಾರ್ ಎದುರು: 8–1 ಸೋಲು. ಮುಂದಿನದು ಕುವೈತ್ ಎದುರು: 4–0 ಸೋಲು. ಡಿಫೆಂಡರ್ ಕೋಚ್ ಆಗಿ ಬಂದು ಎರಡು ಮ್ಯಾಚಲ್ಲಿ 12 ಗೋಲ್.

2024ರ ಮಾರ್ಚ್ 21, ಸೌದಿ ಅರೇಬಿಯಾದ ಅಭಾದಲ್ಲಿ ಇಂಡಿಯಾ ಎದುರು. ಅವತ್ತು ಇಂಡಿಯಾ ಜಗತ್ತಿನ 117ನೇ ರ‍್ಯಾಂಕು, ಅಫ್ಘಾನಿಸ್ತಾನ 158. ನಾವೆಲ್ಲ ಎಷ್ಟು ಗೋಲ್ ಅಂತ ಬೆಟ್ ಕಟ್ಟಿದ್ವಿ (ದುಡ್ಡಲ್ಲ, ಪಾನಿಪೂರಿ). ಆಗಿದ್ದು 0–0.

ಐದು ದಿನಕ್ಕೆ ಗುವಾಹಟಿ. ಇಲ್ಲಿ ಎರಡೂ ಕಡೆಯ ಕೋಚ್‌ಗಳನ್ನ ನೋಡಿ. ಇಂಡಿಯಾ ಕಡೆ ಇಗೊರ್ ಸ್ಟಿಮಾಚ್, ಕ್ರೊಯೇಷ್ಯಾದ ಡಿಫೆಂಡರ್, 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ತಂಡದವರು. 2023ರ ಜುಲೈನಲ್ಲಿ ನಮ್ಮ ಕಂಠೀರವದಲ್ಲೇ ಇಂಡಿಯಾ ಸ್ಯಾಫ್ ಕಪ್ ಗೆದ್ದಾಗ ಕೋಚ್ ಅವರೇ. ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ತಟ್ಟಿ ರೆಡ್ ಕಾರ್ಡ್ ತಗೊಂಡಿದ್ದೂ ಅದೇ ಟೂರ್ನಿಯಲ್ಲಿ. ಅಫ್ಘಾನ್ ಕಡೆ, ಐದನೇ ದರ್ಜೆವರೆಗೂ ಇಳಿದು ಆಡಿದ ವೆಸ್ಟ್‌ವುಡ್. ಇಬ್ಬರೂ ಬೇರೆ ದೇಶದವರು, ಇಬ್ಬರೂ ಹಿಂದಿನ ಸಾಲಲ್ಲಿ ನಿಂತು ಆಡಿದವರು. 1999–2000ರಲ್ಲಿ ಒಬ್ಬರು ವೆಸ್ಟ್‌ಹ್ಯಾಮ್, ಒಬ್ಬರು ಬ್ರಾಡ್‌ಫರ್ಡ್, ಒಂದೇ ಪ್ರೀಮಿಯರ್ ಲೀಗ್.

ಅದು ಛೆಟ್ರಿಯ 150ನೇ ಅಂತಾರಾಷ್ಟ್ರೀಯ ಪಂದ್ಯ. 38ನೇ ನಿಮಿಷ, ಪೆನಾಲ್ಟಿ, ಛೆಟ್ರಿ ಗೋಲ್. ನಮ್ಮ ಹಾಸ್ಟೆಲ್ ಹುಡುಗರು ತಟ್ಟೆ ಬಡಿದರು. 70ನೇ ನಿಮಿಷ ರಹಮತ್ ಅಕ್ಬರಿ ಸಮ ಮಾಡಿದ. 88ನೇ ನಿಮಿಷ ಅಫ್ಘಾನ್‌ಗೆ ಪೆನಾಲ್ಟಿ. ಹೊಡೆದಿದ್ದು ಶರೀಫ್ ಮುಖಮ್ಮದ್. ಈ ಶರೀಫ್ ಯಾರು ಗೊತ್ತಾ? 2022ರಲ್ಲಿ ಗೋಕುಲಂ ಕೇರಳ ಐ–ಲೀಗ್ ಗೆದ್ದಾಗ ಅದರ ಕ್ಯಾಪ್ಟನ್. ಅಂದ್ರೆ ಕೋಚೂ ಐ–ಲೀಗ್ ಗೆದ್ದವರು, ಪೆನಾಲ್ಟಿ ಹೊಡೆದವನೂ ಐ–ಲೀಗ್ ಗೆದ್ದವನು. 2–1. ಇಂಡಿಯಾ ಸೋಲ್ತು.

ಜೂನ್ 6ರಂದು ಅದೇ ಅಫ್ಘಾನಿಸ್ತಾನ ಏಷ್ಯಾ ಚಾಂಪಿಯನ್ ಕತಾರ್ ಎದುರು 0–0 ಮಾಡಿತು. ಏಳು ತಿಂಗಳಲ್ಲಿ 8–1ರಿಂದ 0–0. ಆ ಸ್ಕೋರ್ ನನಗೆ ಗುವಾಹಟಿಗಿಂತ ದೊಡ್ಡದು. ಅವತ್ತೇ ಕಲ್ಕತ್ತದಲ್ಲಿ ಛೆಟ್ರಿಯ ವಿದಾಯದ ಪಂದ್ಯ ಕುವೈತ್ ಎದುರು 0–0 ಆಗಿತ್ತು, ಆ ಕಣ್ಣೀರಲ್ಲಿ ಈ ಸುದ್ದಿ ಯಾರೂ ನೋಡಲಿಲ್ಲ. ಐದು ದಿನದಲ್ಲಿ ಇಂಡಿಯಾ ಹೊರಗೆ, ಅಫ್ಘಾನಿಸ್ತಾನವೂ ಹೊರಗೆ. ಜೂನ್ 17ಕ್ಕೆ ಸ್ಟಿಮಾಚ್ ಕೆಲಸ ಹೋಯ್ತು. ಆಗಸ್ಟ್‌ನಲ್ಲಿ ವೆಸ್ಟ್‌ವುಡ್‌ಗೆ ಹಾಂಗ್‌ಕಾಂಗ್ ಕೆಲಸ ಸಿಕ್ತು.

ಭಾಗ 7

ಈಗ ಆ ಉಪ್ಪಿನ ಮಾತಿಗೆ ಬರ್ತೀನಿ.

ಹಾಂಗ್‌ಕಾಂಗ್‌ನ ಹೊಸ ಕೈ ಟಾಕ್ ಸ್ಟೇಡಿಯಂನಲ್ಲಿ ಅವತ್ತು 42 ಸಾವಿರಕ್ಕೂ ಹೆಚ್ಚು ಜನ. ಮೊದಲರ್ಧದಲ್ಲಿ ಆಶಿಕ್ ಕುರುಣಿಯನ್‌ಗೆ ಗೋಲ್ ಬಾಯಿ ತೆರೆದು ಕೂತಿತ್ತು, ಹೊರಗೆ ಹೊಡೆದ. ಎರಡನೇ ಅರ್ಧದಲ್ಲಿ ನಿವೃತ್ತಿ ವಾಪಸ್ ತಗೊಂಡಿದ್ದ ಛೆಟ್ರಿ ಬಂದ, 40 ವರ್ಷ. ಬೆಂಗಳೂರಲ್ಲಿ ವೆಸ್ಟ್‌ವುಡ್‌ಗೆ ಮೂರು ವರ್ಷ ಕ್ಯಾಪ್ಟನ್ ಆಗಿದ್ದವನು ಅದೇ ಛೆಟ್ರಿ. ಅವನು ಎಲ್ಲಿಗೆ ಓಡ್ತಾನೆ, ಯಾವ ಕಾಲಿಗೆ ಚೆಂಡು ಬೇಕು ಅಂತ ಗೆರೆ ಪಕ್ಕ ನಿಂತ ಆ ಮನುಷ್ಯನಿಗಿಂತ ಚೆನ್ನಾಗಿ ಗೊತ್ತಿರೋರು ಎಷ್ಟು ಜನ?

ಅದನ್ನೇ ನೀವು ಮೋಸ ಅಂತೀರಾ? ನನ್ನ ಪ್ರಕಾರ ಅದು ಅನುಭವ. ಕೂಲಿಗೆ ಬಂದವನು ಕೂಲಿ ಮಾಡಿ ಕೊಟ್ಟು ಹೋದ: ನಮಗೆ ಎರಡು ಲೀಗ್ ಕೊಟ್ಟ. ನಾವು ಕಳಿಸಿಕೊಟ್ವಿ. ಅವನು ಕಲಿತಿದ್ದನ್ನ ಬಿಟ್ಟು ಹೋಗೋಕೆ ಆಗಲ್ಲ. ನಾಳೆ ನೀವು ಮಂಡ್ಯದ ಒಬ್ಬ ಆಡಿಟರ್ ಹತ್ರ ಮೂರು ವರ್ಷ ಆರ್ಟಿಕಲ್‌ಶಿಪ್ ಮಾಡಿ ಆಮೇಲೆ ಎದುರು ಬೀದಿಯಲ್ಲೇ ಬೋರ್ಡ್ ಹಾಕಿದ್ರೆ ಅದು ದ್ರೋಹವಾ? ಕೆಲವರು ಹೌದು ಅಂತೀರ, ಗೊತ್ತು. ಆದ್ರೂ ಕೇಳ್ತೀನಿ.

ನನಗೆ ನೋವಾಗೋದು ಬೇರೆ ಕಡೆ. ನಮ್ಮ ಬ್ಲಫ್‌ನಲ್ಲಿ 1902ರಲ್ಲಿ ಕರೆಂಟ್ ತಯಾರಾಗಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿ ದೀಪಕ್ಕೆ. ನಮ್ಮಜ್ಜ ಹೇಳ್ತಿದ್ರು, ಪವರ್‌ಹೌಸ್ ನಮ್ಮೂರಲ್ಲಿದ್ರೂ ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡೀನೇ ಉರೀತಿತ್ತು ಅಂತ. ಬೆಂಗಳೂರಿನ ಫುಟ್‌ಬಾಲೂ ನನಗೆ ಹಾಗೇ ಕಾಣುತ್ತೆ. ಅಲ್ಲೊಬ್ಬ ಕೋಚ್ ತಯಾರಾದ; ಅವನಿಂದ ಬೆಳಗಿದ್ದು ಅಫ್ಘಾನಿಸ್ತಾನ, ಹಾಂಗ್‌ಕಾಂಗ್. ಅವನು ಇಲ್ಲಿದ್ದ ಮೂರು ವರ್ಷದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಒಬ್ಬ ಹುಡುಗ ಆ ಟ್ರೈನಿಂಗ್ ಮೈದಾನಕ್ಕೆ ಹೋಗಿ ಹೇಗೆ ಡಿಫೆಂಡ್ ಮಾಡ್ತಾರೆ ಅಂತ ನೋಡ್ಕೊಂಡು ಬಂದಿದ್ದಾನಾ? ನಾನು ಹೋಗಿಲ್ಲ. ನಮ್ಮ ಪಿಟಿ ಮೇಷ್ಟ್ರೂ ಹೋಗಿಲ್ಲ. ಮಳವಳ್ಳಿಯಿಂದ ಬಸ್ಸಲ್ಲಿ ಮೂರು ಗಂಟೆ ದಾರಿ ಅಷ್ಟೇ.

2023ರ ಮಾರ್ಚಲ್ಲಿ ಕರ್ನಾಟಕ ಮೇಘಾಲಯನ 3–2ಕ್ಕೆ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು, ರಿಯಾದ್‌ನಲ್ಲಿ. ನಮ್ಮ ಕಾಲೇಜಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ಕೇಳಿದೆ. ಅರವತ್ತು ಜನದ ಕ್ಲಾಸಲ್ಲಿ ನಾಲ್ಕು ಕೈ ಮೇಲೆದ್ದವು, ಅದ್ರಲ್ಲಿ ಒಂದು ನಂದೇ.

ಹಾಂಗ್‌ಕಾಂಗ್ ಸೋಲಾದ ತಿಂಗಳಿಗೆ ಮನೋಲೊ ಮಾರ್ಕೆಜ್ ಇಂಡಿಯಾ ಕೋಚ್ ಕೆಲಸ ಬಿಟ್ಟರು. ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು, 13 ವರ್ಷದ ಮೇಲೆ ಒಬ್ಬ ಭಾರತೀಯ. 2017ರಲ್ಲಿ ಐಜಾಲ್ ಥರದ ಚಿಕ್ಕ ಊರಿನ ಕ್ಲಬ್ಬಿಗೆ ಐ–ಲೀಗ್ ಗೆಲ್ಲಿಸಿಕೊಟ್ಟವರು. ಅವರದು ಬೇರೆಯೇ ಕಥೆ, ಪರೀಕ್ಷೆ ಮುಗಿದ ಮೇಲೆ ಬರೀತೀನಿ.

ಮಾವನಿಗೆ ಮೊನ್ನೆ ಫೋನ್ ಮಾಡಿ ಕೇಳಿದೆ, "ಮಾವ, ಆ ಮಳೆ ಮ್ಯಾಚಿನ ಕೋಚ್ ನೆನಪಿದ್ಯಾ? ಇಂಡಿಯಾನ ಎರಡು ಸಲ ಸೋಲಿಸ್ದ." ಮಾವ ಸ್ವಲ್ಪ ಹೊತ್ತು ಸುಮ್ನಿದ್ರು. "ಆ ಕಾರ್ನರ್‌ಗೆ ಆಮೇಲೆ ಮದ್ದು ಕಂಡ್ಕೊಂಡ ಅನ್ನು" ಅಂದ್ರು.

ಕೊನೇ ಸ್ಲೈಡಲ್ಲಿರೋದು 2015ರ ಆ ಟಿಕೆಟ್. ಮಳೆಗೆ ಅಕ್ಷರ ಎಲ್ಲ ಹರಡಿದೆ, ಮೋಹನ್ ಬಗಾನ್ ಅನ್ನೋದು ಮಾತ್ರ ಓದೋಕೆ ಆಗುತ್ತೆ.